ಗೋರಿಕಲ್ಲು, ಪತ್ರ, ಐತಿಹ್ಯ: ಕರ್ನಾಟಕದ ಯೆಹೂದಿ ಪರಂಪರೆ ಮತ್ತು ಬೆಂಗಳೂರಿನ ನಡಿಗೆ

ಪೀಠಿಕೆ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಸಾಗುವ ದಾರಿಯಲ್ಲಿ ಕುಡತಿನಿಯ ಸಮೀಪದಲ್ಲಿರುವ ಕಣಿವೆಗೆ ಬೂದಿಕಣಿವೆ ಎಂಬ ಹೆಸರಿದೆ. ಅಲ್ಲಿನ ಬೂದಿದಿಬ್ಬದ ಬಗೆಗೆ 19ನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಬೋಲ್ಡ್ ಬರೆದಾಗ, ಅದು ರಾಕ್ಷಸನೊಬ್ಬನ ಚಿತೆಯ ಬೂದಿ ಎಂಬ ನಂಬಿಕೆ ಜನರಲ್ಲಿತ್ತು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಾನವೆಂದು ಇಂದಿಗೂ ತೋರಿಸುತ್ತಾರೆ. 1957ರಲ್ಲಿ ಉತ್ನೂರಿನಲ್ಲಿ ಉತ್ಖನನ ನಡೆಸಿದ ಆಲ್ಚಿನ್, ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಶೇಖರವಾಗಿ ಸುಟ್ಟ ಸಗಣಿಯ ಬೂದಿ ಎಂಬುದನ್ನು 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಶದಪಡಿಸಿದರು.

ಇಲ್ಲಿ ಜಾನಪದ ಸೋತಿತು, ಪುರಾತತ್ವ ಗೆದ್ದಿತು ಎಂದು ತೀರ್ಮಾನಿಸುವುದು ಅವಸರವಾದೀತು. ಆ ದಿಬ್ಬ ಮಣ್ಣಿನದಲ್ಲ, ಬೂದಿಯದು. ಅಲ್ಲಿ ಒಮ್ಮೆ ದೊಡ್ಡ ಬೆಂಕಿ ಉರಿದಿತ್ತು ಎಂಬ ಸಂಗತಿಯನ್ನು ಐತಿಹ್ಯ ಕಾಪಾಡಿಕೊಂಡು ಬಂದಿತ್ತು. ಏನು ಸುಟ್ಟಿತು, ಯಾರು ಸುಟ್ಟರು ಎಂಬುದನ್ನು ಮಾತ್ರ ಉತ್ಖನನ ಹೇಳಬೇಕಾಯಿತು. ಸ್ಥಳವೊಂದರ ನೆನಪು ಹೀಗೆ ಎರಡು ಬಗೆಯ ಆಧಾರಗಳ ಮೇಲೆ ನಿಂತಿರುತ್ತದೆ. ಒಂದನ್ನು ಇನ್ನೊಂದೆಂದು ಭಾವಿಸಿದಾಗ ಎರಡೂ ಕೆಡುತ್ತವೆ.

ಈ ತತ್ವವನ್ನು ಕರ್ನಾಟಕದ ಯೆಹೂದಿ ಪರಂಪರೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಸಂಖ್ಯೆಯಲ್ಲಿ ಅತಿ ಚಿಕ್ಕದಾದ, ಬಹುಪಾಲು ವಲಸೆಹೋದ ಸಮುದಾಯದ ನೆನಪನ್ನು ಇಂದು ಹೊತ್ತಿರುವವರಲ್ಲಿ ನಗರದ ಪರಂಪರೆ ನಡಿಗೆಗಳ ಮಾರ್ಗದರ್ಶಿಗಳೂ ಸೇರಿದ್ದಾರೆ. ಸಮುದಾಯದ ಹಿರಿಯರು ಇಲ್ಲದ ಕಡೆ ಮಾರ್ಗದರ್ಶಿಯ ಮಾತೇ ಪರಂಪರೆಯಾಗಿ ನಿಲ್ಲುತ್ತದೆ. ಆದುದರಿಂದ ಆ ಮಾತನ್ನು ಜಾನಪದ ಅಧ್ಯಯನವು ಒಂದು ಪಾಠವಾಗಿ ಪರಿಗಣಿಸಿ, ಅದರ ಆಧಾರಗಳನ್ನು ಬಿಡಿಸಿ ನೋಡಬೇಕಾದ ಅಗತ್ಯವಿದೆ.

ಮಾರ್ಗದರ್ಶಿಯ ಮಾತು: ಒಂದು ಮೌಖಿಕ ಪ್ರಕಾರ

ಮಾರ್ಗದರ್ಶಿಯೊಡನೆ ಊರನ್ನು ನಡೆದು ನೋಡುವ ಕ್ರಮ ನಮಗೆ ಹೊಸದೇನಲ್ಲ. ಕ್ಷೇತ್ರಗಳ ಪ್ರದಕ್ಷಿಣೆ, ಸ್ಥಳಪುರಾಣ ಹೇಳುವ ಅರ್ಚಕರು, ಹಂಪಿಯ ಅವಶೇಷಗಳ ನಡುವೆ ಕಥೆ ಹೇಳುತ್ತ ನಡೆಯುವ ಸ್ಥಳೀಯರು ಈ ಪರಂಪರೆಗೆ ಸೇರಿದವರು. ಇಂದಿನ ಪರಂಪರೆ ನಡಿಗೆ ಅದರ ನಗರರೂಪ. ನಿಲುಗಡೆಗಳ ಕ್ರಮ, ಪ್ರತಿ ನಿಲುಗಡೆಗೂ ಒಂದು ಕಥೆ, ಕೇಳುಗರನ್ನು ನೋಡಿ ಹಿಗ್ಗುವ ಅಥವಾ ಕುಗ್ಗುವ ನಿರೂಪಣೆ, ಒಬ್ಬರಿಂದ ಒಬ್ಬರಿಗೆ ಹಬ್ಬುವ ಪಾಠಾಂತರ, ಇವೆಲ್ಲ ಇರುವುದರಿಂದ ಇದನ್ನು ಮೌಖಿಕ ಪ್ರಕಾರವೆಂದು ಗುರುತಿಸಲು ಅಡ್ಡಿಯಿಲ್ಲ.

ಭಾರತದಲ್ಲಿ ಯೆಹೂದಿ ನಡಿಗೆಯ ಪ್ರಸಿದ್ಧ ತಾಣವೆಂದರೆ ಕೊಚ್ಚಿಯ ಮಟ್ಟಾಂಚೇರಿ. ಅಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ. ಸಿನಗಾಗ್ ಎಂದರೆ ಯೆಹೂದಿಗಳ ಪ್ರಾರ್ಥನಾಮಂದಿರ. 1760ರ ಗಡಿಯಾರ ಗೋಪುರ, ಚೀನಾದಿಂದ ಬಂದ ನೀಲಿ ಬಿಳುಪಿನ ನೆಲಹಾಸು ಬಿಲ್ಲೆಗಳು ಅದರ ಆಕರ್ಷಣೆಗಳು. ಈ ಬಿಲ್ಲೆಗಳ ಕುರಿತು ಮಾರ್ಗದರ್ಶಿಗಳು ಹೇಳುವ ಕಥೆಯೊಂದು ಬಹಳ ಜನಪ್ರಿಯ. ಬಿಲ್ಲೆಗಳನ್ನು ಮೊದಲು ತರಿಸಿದ್ದು ಕೊಚ್ಚಿಯ ಅರಸನ ಅರಮನೆಗಾಗಿ, ಅವುಗಳ ತಯಾರಿಕೆಯಲ್ಲಿ ಎತ್ತಿನ ರಕ್ತ ಬಳಸಲಾಗಿದೆ ಎಂದು ಯಾರೋ ಅರಸನ ಕಿವಿಗೆ ಹಾಕಿದರು, ಆತ ಬೇಡವೆಂದ, ಬಿಲ್ಲೆಗಳು ಸಿನಗಾಗ್‌ಗೆ ಬಂದವು. ರಕ್ತದ ಮಾತನ್ನು ಹುಟ್ಟಿಸಿದವರು ಯೆಹೂದಿಗಳೇ ಎಂದು ಕಥೆಯ ಜಾಣ ತಿರುವು ಹೇಳುತ್ತದೆ.

ಈ ಕಥೆಯ ಆಶಯ ನಮಗೆ ಪರಿಚಿತವಾದುದೇ. ಅರಸನ ಮಡಿವಂತಿಕೆಯನ್ನು ಬಳಸಿಕೊಂಡು ಬುದ್ಧಿವಂತ ಪ್ರಜೆ ಲಾಭ ಪಡೆಯುವ ಕಥೆಗಳು ಕನ್ನಡದಲ್ಲಿಯೂ ಹೇರಳವಾಗಿವೆ. ಕೇಳುಗ ನಗುತ್ತಾನೆ, ಕಥೆಯನ್ನು ಮನೆಗೆ ಕೊಂಡೊಯ್ಯುತ್ತಾನೆ. ಆದರೆ ಅದರೊಂದಿಗೆ ಯೆಹೂದಿ ಎಂದರೆ ಜಾಣ ವ್ಯಾಪಾರಿ, ಸಂದರ್ಭ ಬಂದರೆ ಸುಳ್ಳು ಹೇಳಿ ಗೆಲ್ಲುವವನು ಎಂಬ ಚಿತ್ರವನ್ನೂ ಕೊಂಡೊಯ್ಯುತ್ತಾನೆ. ಯುರೋಪಿನಲ್ಲಿ ಇದೇ ಚಿತ್ರ ಎಂತಹ ದುರಂತಗಳಿಗೆ ದಾರಿಮಾಡಿತು ಎಂಬುದನ್ನು ನೆನೆದಾಗ, ನಡಿಗೆಯ ಕಥೆ ಕೇವಲ ಮನರಂಜನೆಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಕೊಚ್ಚಿಯ ಯೆಹೂದಿ ಸ್ತ್ರೀಯರು ತಲೆಮಾರುಗಳಿಂದ ಮಲಯಾಳದಲ್ಲಿ ಹಾಡಿಕೊಂಡು ಬಂದ, ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡ ಹಾಡುಗಳ ದೊಡ್ಡ ಭಂಡಾರವೇ ಇದೆ. ಸಮುದಾಯ ತನ್ನ ಬಗ್ಗೆ ತಾನು ಹೇಳಿಕೊಂಡ ಮಾತು ಅದು. ಬಿಲ್ಲೆಯ ಕಥೆಗೆ ಸಿಗುವ ಸಮಯ ಆ ಹಾಡುಗಳಿಗೂ ಸಿಗಬೇಕಲ್ಲವೆ?

ಕೊಚ್ಚಿಯಲ್ಲಿ ಕಟ್ಟಡಗಳಾದರೂ ಇವೆ. ಕಥೆ ತಪ್ಪಿದರೆ ಕಲ್ಲು ತಿದ್ದೀತು. ಕರ್ನಾಟಕದಲ್ಲಿ ಕುರುಹುಗಳು ವಿರಳವಾಗಿದ್ದು, ಒಂದೊಂದು ಊರಿನಲ್ಲಿ ಒಂದೊಂದು ಬಗೆಯ ಆಧಾರ ಉಳಿದಿದೆ. ಅವುಗಳನ್ನು ಕ್ರಮವಾಗಿ ನೋಡಬಹುದು.

ಉಲ್ಲೇಖ ಮತ್ತು ಪದ: ಬಳ್ಳಾರಿ ಸೀಮೆ

ತುಂಗಭದ್ರೆಯ ದಡದ ವಿಜಯನಗರವನ್ನು ಕುರಿತು 16ನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ, ಅಲ್ಲಿನ ಅರಸನು ಎಲ್ಲ ಮತದವರಿಗೂ ಅವರವರ ಧರ್ಮದಂತೆ ಬಾಳಲು ಅವಕಾಶ ಕೊಟ್ಟಿದ್ದನೆಂದು ಹೇಳುತ್ತ, ಕ್ರೈಸ್ತ, ಮುಸ್ಲಿಂ ಮುಂತಾದವರ ಜೊತೆಗೆ ಯೆಹೂದಿಯನ್ನೂ ಹೆಸರಿಸುತ್ತಾನೆ. ಆಗ ಆಳುತ್ತಿದ್ದವನು ಕೃಷ್ಣದೇವರಾಯ. ಪೋರ್ಚುಗಲ್‌ನಲ್ಲಿ 1497ರಲ್ಲಿ ಯೆಹೂದಿಗಳನ್ನು ಬಲವಂತವಾಗಿ ಮತಾಂತರಿಸಿದ್ದ ಕಾಲದ ಬರಹಗಾರನೊಬ್ಬನಿಗೆ ಈ ಸಂಗತಿ ವಿಶೇಷವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಇದು ಮಹತ್ವದ ಉಲ್ಲೇಖ. ಆದರೆ ಇದು ಹೇಳುವುದು ಅರಸನ ನೀತಿಯನ್ನು. ಹಂಪಿಯಲ್ಲಿ ಯೆಹೂದಿ ಕೇರಿಯೊಂದಿತ್ತು ಎಂಬುದನ್ನಲ್ಲ. ಬಜಾರಿನ ಸಾಲುಮಂಟಪಗಳಲ್ಲಿ ಒಂದನ್ನು ತೋರಿಸಿ ಇಲ್ಲಿ ಯೆಹೂದಿ ವರ್ತಕರು ಮುತ್ತು ಮಾರುತ್ತಿದ್ದರು ಎಂದು ಹೇಳಲು ಈ ವಾಕ್ಯ ಸಾಲದು. ಉಲ್ಲೇಖವನ್ನು ಉಲ್ಲೇಖವಾಗಿಯೇ ಓದಬೇಕು.

ಬಳ್ಳಾರಿಗೆ ಸಂಬಂಧಿಸಿದ ಇನ್ನೊಂದು ಎಳೆ ಭಾಷೆಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಿಸುವ ಕಾರ್ಯ ಕೈಗೊಂಡನು. ವಿಲಿಯಂ ರೀವ್ ಈ ಕಾರ್ಯದಲ್ಲಿ ಅವನ ಜೊತೆಗಾರ. 19ನೆಯ ಶತಮಾನದ ನಾಲ್ಕನೆಯ ದಶಕದ ಆರಂಭದ ಹೊತ್ತಿಗೆ ಕನ್ನಡ ಬೈಬಲ್ ಪೂರ್ಣಗೊಂಡಿತು. ಹೀಗೆ ಅಬ್ರಹಾಮ, ಮೋಶೆ, ದಾವೀದ, ಇಸ್ರಾಯೇಲ ಮೊದಲಾದ ಹೆಸರುಗಳು ಅಚ್ಚಿನ ಕನ್ನಡದಲ್ಲಿ ಬೇರೂರುವಲ್ಲಿ ಬಳ್ಳಾರಿಯ ಪಾತ್ರ ದೊಡ್ಡದು. ಒಳನಾಡಿನ ಬಹುಪಾಲು ಕನ್ನಡಿಗರಿಗೆ ಯೆಹೂದಿಯ ಪರಿಚಯವಾದದ್ದು ನೆರೆಯವನಾಗಿ ಅಲ್ಲ, ಗ್ರಂಥದೊಳಗಿನ ಪಾತ್ರವಾಗಿ. ಗ್ರಂಥದ ಯೆಹೂದಿ ಪ್ರಾಚೀನನು, ದೂರದವನು. ನಮ್ಮ ನೆಲದಲ್ಲಿಯೇ ಬಾಳಿದ ಯೆಹೂದಿ ಕಣ್ಣಿಗೆ ಬೀಳದೆ ಹೋಗಲು ಇದೂ ಒಂದು ಕಾರಣವೆನ್ನಬಹುದು.

ಪತ್ರ: ಮಂಗಳೂರಿನ ವರ್ತಕ

ಕರ್ನಾಟಕದಲ್ಲಿ ಬಾಳಿದ ಯೆಹೂದಿಯೊಬ್ಬನ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಸಮೃದ್ಧ ದಾಖಲೆ ಮಂಗಳೂರಿಗೆ ಸಂಬಂಧಿಸಿದ್ದು. ಅದು ಸಿಕ್ಕಿದ್ದು ಮಾತ್ರ ಈಜಿಪ್ಟಿನಲ್ಲಿ. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಹಳೆಯ ಕಾಗದಗಳನ್ನು ಸಿನಗಾಗ್‌ನ ಕೋಣೆಯೊಂದರಲ್ಲಿ ಹಾಕಿಡುವ ಪದ್ಧತಿ ಯೆಹೂದಿಗಳಲ್ಲಿದೆ. ಆ ಕೋಣೆಗೆ ಗೆನೀಜಾ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಿಂದ 1896-97ರಲ್ಲಿ ಸಾಲೊಮನ್ ಶೆಕ್ಟರ್ ಅಪಾರ ಸಂಖ್ಯೆಯ ಹಾಳೆಗಳನ್ನು ಕೇಂಬ್ರಿಜ್‌ಗೆ ಕೊಂಡೊಯ್ದನು. ಅವುಗಳೊಳಗಿನ ಭಾರತದ ವ್ಯಾಪಾರದ ಪತ್ರಗಳನ್ನು ಎಸ್. ಡಿ. ಗೋಯ್ಟೈನ್ ದಶಕಗಳ ಕಾಲ ಅಧ್ಯಯನ ಮಾಡಿದರು. ಆ ಸಂಪುಟವನ್ನು ಮೊರ್ದೆಖಾಯ್ ಫ್ರೀಡ್‌ಮನ್ ಪೂರ್ಣಗೊಳಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು.

ಈ ಪತ್ರಗಳ ಕೇಂದ್ರವ್ಯಕ್ತಿಗಳಲ್ಲಿ ಒಬ್ಬನು ಅಬ್ರಹಾಂ ಬೆನ್ ಯಿಜೂ. ಇಂದಿನ ಟ್ಯುನೀಷಿಯಾದ ಮಹ್ದಿಯಾದವನು. ಏಡನ್ ಮಾರ್ಗವಾಗಿ 1132ರ ಸುಮಾರಿಗೆ ಭಾರತಕ್ಕೆ ಬಂದು 1149ರವರೆಗೆ ಪಶ್ಚಿಮ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ, ನೆಲೆಸಿದ್ದನು. ಆಗ ಆಳುತ್ತಿದ್ದವರು ಆಳುಪರು. ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣ ಇಲ್ಲಿಂದ ಹೋಗುತ್ತಿದ್ದವು. ಏಡನ್ನಿನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಒಡೆದ ಪಾತ್ರೆಗಳನ್ನು ಏಡನ್ನಿನವರು ಕಳುಹಿಸಿ ಹೊಸದಾಗಿ ಎರಕಹೊಯ್ಯಿಸಿಕೊಳ್ಳುತ್ತಿದ್ದರು. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕಾಗದ ದುರ್ಲಭವಾಗಿದ್ದುದರಿಂದ ಬಂದ ಪತ್ರಗಳ ಖಾಲಿ ಜಾಗದಲ್ಲಿ ಅವನು ಲೆಕ್ಕ, ಕರಡು ಬರೆದುಕೊಂಡನು.

ಜಾನಪದ ಅಧ್ಯಯನದ ದೃಷ್ಟಿಯಿಂದ ಮುಖ್ಯವಾದವು ಇಬ್ಬರು ಸ್ಥಳೀಯರ ಹೆಸರುಗಳು. ಮೊದಲನೆಯದು ಅಶು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ದಾಸ್ಯವಿಮೋಚನೆಯ ಪತ್ರದಲ್ಲಿ ಈ ಹೆಣ್ಣಾಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನು ಇಡಲಾಗಿದೆ. ಅದರ ಅರ್ಥ ಆಶೀರ್ವಾದ. ಆಕೆ ಬೆನ್ ಯಿಜೂನ ಮಕ್ಕಳ ತಾಯಿಯೆಂದು ವಿದ್ವಾಂಸರು ಭಾವಿಸಿದ್ದಾರೆ. ಎರಡನೆಯವನು ಅವನ ವ್ಯಾಪಾರದ ಕೆಲಸಗಳಿಗಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳು. ಸ್ವರಚಿಹ್ನೆಗಳಿಲ್ಲದ ಲಿಪಿಯಲ್ಲಿ ಮೂರೇ ವ್ಯಂಜನಗಳಾಗಿ ಉಳಿದಿದ್ದ ಅವನ ಹೆಸರು ಬೊಮ್ಮ ಎಂದಿರಬೇಕೆಂದು ಅಮಿತಾವ್ ಘೋಷ್ 1992ರ ತಮ್ಮ ಕೃತಿಯಲ್ಲಿ ವಾದಿಸಿದರು. ಈ ಓದಿಗೆ ತುಳುನಾಡಿನ ಜಾನಪದವನ್ನು ಬಲ್ಲ ಪ್ರೊ. ಬಿ. ಎ. ವಿವೇಕ ರೈ ಅವರೊಡನೆ ನಡೆದ ಚರ್ಚೆ ನೆರವಾಯಿತು. ಗ್ರಂಥಾಲಯದ ಹಸ್ತಪ್ರತಿಯಲ್ಲಿ ಸಿಕ್ಕಿಬಿದ್ದಿದ್ದ ಹೆಸರೊಂದು ಮತ್ತೆ ಉಸಿರಾಡಲು ಬೊಮ್ಮ, ಬೆರ್ಮೆ ಎಂಬ ಹೆಸರುಗಳು ಜೀವಂತವಾಗಿರುವ ನಾಡಿನ ತಿಳಿವು ಬೇಕಾಯಿತು.

ಹೀಗಿದ್ದರೂ ಇಂದಿನ ಮಂಗಳೂರಿನಲ್ಲಿ ಬೆನ್ ಯಿಜೂನದೆಂದು ತೋರಿಸಬಹುದಾದ ಮನೆಯಿಲ್ಲ, ಕಾರ್ಖಾನೆಯ ಕುರುಹಿಲ್ಲ. ಅಲ್ಲಿ ಮಾರ್ಗದರ್ಶಿ ಮಾಡಬಹುದಾದ ಪ್ರಾಮಾಣಿಕ ಕೆಲಸವೆಂದರೆ ಬಂದರಿನ ದಕ್ಕೆಯಲ್ಲಿ ನಿಂತು ಪತ್ರಗಳ ಸಾರವನ್ನು ಹೇಳುವುದು. ಸ್ಥಳ ಕಾಣದಿದ್ದರೂ ಕೇಳುಗನ ಮನಸ್ಸಿನಲ್ಲಿ ಊರು ಕಟ್ಟಿಕೊಳ್ಳುತ್ತದೆ.

ಐತಿಹ್ಯ: ಸೆರೆಯಾಳು ಮತ್ತು ಸುಲ್ತಾನನ ತಾಯಿ

ಮೂರನೆಯ ಬಗೆಯ ಆಧಾರ ಬೆನೆ ಇಸ್ರೇಲ್ ಸಮುದಾಯದ ಐತಿಹ್ಯದಿಂದ ಬರುತ್ತದೆ. ಬೆನೆ ಇಸ್ರೇಲರು ಕೊಂಕಣದ ಯೆಹೂದಿಗಳು, ಮಾತು ಮರಾಠಿ. ನವಗಾಂವ್ ಬಳಿ ಒಡೆದ ಹಡಗಿನಿಂದ ಬದುಕುಳಿದ ಏಳು ದಂಪತಿಗಳ ಸಂತತಿ ತಾವೆಂದು ಅವರ ಮೂಲಕಥೆ ಹೇಳುತ್ತದೆ. ಎಣ್ಣೆ ತೆಗೆಯುವ ಕಸುಬಿನವರಾಗಿದ್ದು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಊರಿನ ಹೆಸರಿಗೆ ಕರ್ ಸೇರಿಸಿ ಮನೆತನದ ಹೆಸರು ಮಾಡಿಕೊಳ್ಳುವ ಕೊಂಕಣದ ರೂಢಿಯಂತೆ ಅವರಲ್ಲಿ ದಿವೇಕರ್, ನಾಗಾಂವ್‌ಕರ್ ಎಂಬ ಹೆಸರುಗಳಿವೆ. ಪ್ರವಾದಿ ಎಲೀಯನಿಗೆ ಹರಕೆ ಹೊತ್ತು ಸಿಹಿ ಅವಲಕ್ಕಿ, ತೆಂಗಿನತುರಿ, ಹಣ್ಣುಗಳಿಂದ ಅರ್ಪಿಸುವ ಪ್ರಸಾದಕ್ಕೆ ಅವರು ಮಲೀದಾ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಮೊಹರಂ ಮತ್ತು ಉರುಸುಗಳಲ್ಲಿ ಗೋಧಿ ರೊಟ್ಟಿಯನ್ನು ಪುಡಿಮಾಡಿ ಬೆಲ್ಲ ಬೆರೆಸಿ ಅರ್ಪಿಸುವ ಮಲೀದಕ್ಕೂ ಇದಕ್ಕೂ ಪದಾರ್ಥ ಬೇರೆ, ಹೆಸರು ಒಂದೇ. ನೆರೆಹೊರೆಯ ಬಾಳು ಶಬ್ದಗಳಲ್ಲಿ ಹೀಗೆ ಉಳಿಯುತ್ತದೆ.

ಈ ಸಮುದಾಯದ ಅನೇಕರು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿದ್ದರು. ಅವರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ (1780-84) ಮೈಸೂರಿನ ಸೆರೆಯಾದನೆಂದು ಪರಂಪರೆ ಹೇಳುತ್ತದೆ. ಸೆರೆಯಾಳುಗಳ ವಿಚಾರಣೆ ನಡೆದಾಗ ಅವನು ತಾನು ಬೆನೆ ಇಸ್ರೇಲ್ ಎಂದ. ಕುರಾನಿನಲ್ಲಿ ಹೆಸರು ಬರುವ ಆ ಜನಾಂಗದವರನ್ನು ತಾನು ಎಂದೂ ಕಂಡಿಲ್ಲವೆಂದು ಹೇಳಿ ಟಿಪ್ಪು ಸುಲ್ತಾನನ ತಾಯಿ ಅವನ ಪ್ರಾಣ ಉಳಿಸಿದಳು. ಬದುಕಿ ಮರಳಿದರೆ ದೇವರಿಗೆ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದನು. ಅದು ದಯೆಯ ದ್ವಾರ ಎಂಬ ಅರ್ಥದ ಶಾರ್ ಹರಹಮೀಮ್.

ಕಥೆಯ ಘಟಕಗಳನ್ನು ಬಿಡಿಸಿದರೆ ಸೆರೆ, ಗುರುತು, ರಾಜಮಾತೆಯ ಕರುಣೆ, ಬಿಡುಗಡೆ, ಹರಕೆ, ಮಂದಿರ ಎಂಬ ಕ್ರಮ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ದೇವಸ್ಥಾನಗಳ ಸ್ಥಳ ಐತಿಹ್ಯ ಇದೇ ಕ್ರಮದಲ್ಲಿದೆ. ಇದರಲ್ಲಿ 1796ರ ಸಿನಗಾಗ್ ಕಟ್ಟಡದ ಇತಿಹಾಸ. ರಾಜಮಾತೆಯ ಮಾತು ಐತಿಹ್ಯ. ಕುಡತಿನಿಯ ಬೂದಿಯ ಕಥೆಯಂತೆ ಇದೂ ಒಂದು ನೆನಪನ್ನು ಕಾಪಾಡಿದೆ: ಕೊಂಕಣದ ಯೆಹೂದಿ ಸಿಪಾಯಿಗಳು ಮೈಸೂರಿನ ಸೆರೆ ಕಂಡಿದ್ದರು ಎಂಬ ನೆನಪನ್ನು. ಜೊತೆಗೆ, ಶತ್ರುವಿನ ಅಂತಃಪುರದಿಂದ ಕರುಣೆ ಬಂದಿತೆಂದು ಸಮುದಾಯವೊಂದು ಎರಡು ಶತಮಾನಗಳಿಂದ ಕೃತಜ್ಞತೆಯಿಂದ ಹೇಳಿಕೊಂಡು ಬಂದಿದೆ. ಟಿಪ್ಪುವಿನ ಬಗೆಗಿನ ಇಂದಿನ ವಾದವಿವಾದಗಳಲ್ಲಿ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಈ ಕಥೆಯನ್ನು ಸಾಕ್ಷ್ಯವಾಗಿ ನಿಲ್ಲಿಸುವುದು ಐತಿಹ್ಯಕ್ಕೆ ಮಾಡುವ ಅನ್ಯಾಯ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಇದನ್ನು ಹೇಳುವುದಾದರೆ ಬೆನೆ ಇಸ್ರೇಲರು ಹೀಗೆ ಹೇಳುತ್ತಾರೆ ಎಂದೇ ಹೇಳಬೇಕು.

ಕಲ್ಲು ಮತ್ತು ಕಟ್ಟಡ: ಬೆಂಗಳೂರಿನ ನಡಿಗೆ

ಕಾಲ್ನಡಿಗೆಯಲ್ಲಿ ಕಣ್ಣಿಗೆ ಕಾಣುವ ಯೆಹೂದಿ ಪರಂಪರೆ ಇರುವುದು ಬೆಂಗಳೂರಿನಲ್ಲಿ. ಇಂಟ್ಯಾಕ್‌ನ ಘಟಕವೂ ಸೇರಿದಂತೆ ಹಲವು ಸಂಘಟನೆಗಳು ಇಲ್ಲಿ ಪರಂಪರೆ ನಡಿಗೆಗಳನ್ನು ರೂಢಿಗೆ ತಂದಿವೆ. ಯೆಹೂದಿ ಪರಂಪರೆಯ ತಾಣಗಳು ದೂರದೂರದಲ್ಲಿ ಇರುವುದರಿಂದ ಒಂದೇ ನಡಿಗೆಯಲ್ಲಿ ಅವನ್ನು ಮುಗಿಸಲಾಗದು. ಮೂರು ಭಾಗವಾಗಿ ಯೋಜಿಸುವುದು ಸೂಕ್ತ.

ಮೊದಲ ಭಾಗ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟ್. 1809ರಿಂದ ಬೆಳೆದ ದಂಡು, ಕೊಂಕಣದ ಬೆನೆ ಇಸ್ರೇಲ್, ಇರಾಕ್ ಮೂಲದ ಬಾಗ್ದಾದಿ ಮತ್ತು ಕೊಚ್ಚಿಯ ಯೆಹೂದಿ ಹೀಗೆ ಮೂರೂ ಗುಂಪಿನವರನ್ನು ಬೇರೆಬೇರೆ ಕಾಲದಲ್ಲಿ ಸೆಳೆಯಿತು. ಈ ಬೀದಿಯಲ್ಲಿ ಬಾಗ್ದಾದಿ ಮೂಲದ ರೂಬಿನ್ ಮೋಸೆಸ್ ಅವರ ಪಾದರಕ್ಷೆಯ ಅಂಗಡಿ ಹೆಸರು ಮಾಡಿತ್ತು. ಅವರು ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪದ ಬಳಿಕ ಕೋಲಾರದ ಚಿನ್ನದ ಗಣಿಗಳ ಸುದ್ದಿ ಕೇಳಿ ಇತ್ತ ಬಂದರೆಂಬ ಕಥೆ ಪ್ರಚಾರದಲ್ಲಿದೆ. ಒಂದು ಚಿನ್ನದ ನಾಡಿನಿಂದ ಇನ್ನೊಂದಕ್ಕೆ ಬಂದು ಕೊನೆಗೆ ಚರ್ಮದ ವ್ಯಾಪಾರದಲ್ಲಿ ನೆಲೆ ಕಂಡ ಈ ವೃತ್ತಾಂತ ಕುಟುಂಬಗಳ ವಲಸೆಕಥೆಗಳ ಸಾಲಿಗೆ ಸೇರುವಂಥದು. ಬೆಂಗಳೂರಿನ ಈ ಹಳೆಯ ಸಮುದಾಯಕ್ಕೆ ಸಿನಗಾಗ್ ಎಂದೇ ಕಟ್ಟಿದ ಮಂದಿರವಿರಲಿಲ್ಲ. ಹಬ್ಬಗಳ ಪ್ರಾರ್ಥನೆಗೆ ಮೋಸೆಸ್ ಮನೆತನದ ಆಶ್ರಯವಿತ್ತು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಸೇರಬೇಕೆಂಬ ಸಾಂಪ್ರದಾಯಿಕ ನಿಯಮವನ್ನು ನೆನೆದರೆ, ಸಣ್ಣ ಸಮುದಾಯಕ್ಕೆ ಆ ಹತ್ತು ಎಷ್ಟು ದೊಡ್ಡ ಸಂಖ್ಯೆ ಎಂಬುದು ಅರ್ಥವಾಗುತ್ತದೆ.

ಎರಡನೆಯ ಭಾಗ ಮೈಸೂರು ರಸ್ತೆಯ ಗೋರಿಪಾಳ್ಯ. ಗೋರಿ ಎಂದರೆ ಸಮಾಧಿ. ಪ್ರದೇಶದ ಹೆಸರೇ ಅದರ ಸ್ವರೂಪವನ್ನು ಹೇಳುತ್ತದೆ. ಇಲ್ಲಿನ ಯೆಹೂದಿ ಸ್ಮಶಾನಕ್ಕೆ 1904ರಲ್ಲಿ ಭೂಮಿಯನ್ನು ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಸ್ಮಶಾನದ ಆರಂಭಕ್ಕೆ ಸುಬೇದಾರ್ ಸ್ಯಾಮ್ಯುಯೆಲ್ ನಾಗಾಂವ್‌ಕರ್ ಅವರ ಹೆಸರು ತಳಕುಹಾಕಿಕೊಂಡಿದೆ. ಮನೆತನದ ಹೆಸರಿನಿಂದಲೇ ಅವರ ಬೇರು ಕೊಂಕಣದ ನಾಗಾಂವ್ ಎಂದು ತಿಳಿಯುತ್ತದೆ. ದಂಡಿನಲ್ಲಿ ನೆಲೆಸಿದ್ದ ಪುಟ್ಟ ಸಮುದಾಯಕ್ಕೆ ಶಾಶ್ವತವಾದ ನೆಲ ಸಿಕ್ಕಿದ್ದು ದಂಡಿನ ಹೊರಗೆ, ಮೈಸೂರು ಅರಸರ ಭೂಮಿಯಲ್ಲಿ ಎಂಬುದು ಗಮನಾರ್ಹ. ಸಿನಗಾಗ್ ಇಲ್ಲದ ನಗರದಲ್ಲಿ ಸ್ಮಶಾನವೇ ಸಮುದಾಯದ ಏಕೈಕ ಸಾರ್ವಜನಿಕ ಸ್ಥಳವಾಯಿತು. ಇಲ್ಲಿ ಒಳನಾಡಿನ ಕುಟುಂಬಗಳವರ ಜೊತೆಗೆ ಬ್ರಿಟಿಷ್ ಪಡೆಯ ಸೈನಿಕ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಿಬಿಯಾದ ಬೆಂಗಾಜಿಯಿಂದ ಬಂದ ನಿರಾಶ್ರಿತ, ರಷ್ಯನ್ ಸರ್ಕಸ್ಸಿನ ಒಡೆಯನ ಮಡದಿ ಮೊದಲಾದವರು ಅಕ್ಕಪಕ್ಕದಲ್ಲಿ ಮಲಗಿದ್ದಾರೆ.

ವೀರಗಲ್ಲು, ಮಾಸ್ತಿಕಲ್ಲುಗಳನ್ನು ಓದಬಲ್ಲ ನಮ್ಮ ಸಂಶೋಧಕರಿಗೆ ಈ ಕಲ್ಲುಗಳ ಓದು ಕಠಿಣವಲ್ಲ. ಹೀಬ್ರೂ ಬರಹದ ಆರಂಭದಲ್ಲಿ ಪೇ, ನೂನ್ ಎಂಬ ಎರಡು ಅಕ್ಷರಗಳಿದ್ದರೆ ಇಲ್ಲಿ ಹೂಳಲ್ಪಟ್ಟವರು ಎಂದು ಅರ್ಥ. ಕೊನೆಯ ಐದು ಅಕ್ಷರಗಳ ಗುಂಪು ಮೃತರ ಆತ್ಮ ಜೀವಂತರ ಗಂಟಿನಲ್ಲಿ ಸೇರಿರಲಿ ಎಂಬ ಹಾರೈಕೆಯ ಸಂಕ್ಷೇಪ. ಕಾಲಗಣನೆಯಲ್ಲಿ ಅಕ್ಷರಗಳೇ ಅಂಕಿಗಳು. ತಾವ್ 400, ರೇಶ್ 200, ಸಾಮೆಖ್ 60, ದಾಲೆತ್ 4, ಒಟ್ಟು 664. ಸಾವಿರದ ಸ್ಥಾನದ 5ನ್ನು ಬರೆಯದಿರುವುದೇ ರೂಢಿಯಾದುದರಿಂದ ಅದು ಯೆಹೂದಿ ವರ್ಷ 5664. ಕ್ರಿಸ್ತಶಕಕ್ಕೆ ತರಲು 3760 ಕಳೆದರೆ 1904 ಬರುತ್ತದೆ. ಯೆಹೂದಿ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಹುಟ್ಟುವುದರಿಂದ ವರ್ಷದ ಆರಂಭದ ತಿಂಗಳುಗಳಿಗೆ ಒಂದು ವರ್ಷ ಹೆಚ್ಚು ಕಳೆಯಬೇಕು. ಅಕ್ಷರಸಂಖ್ಯೆಯ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಸ್ಮಶಾನದ ಆಚಾರಗಳನ್ನೂ ನಡಿಗೆ ಪಾಲಿಸಬೇಕು. ಹೀಬ್ರೂ ಭಾಷೆಯಲ್ಲಿ ಸ್ಮಶಾನಕ್ಕೆ ಜೀವಂತರ ಮನೆ ಎಂಬ ಹೆಸರಿದೆ. ಸಮಾಧಿಯ ಮೇಲೆ ಹೂವಿಗೆ ಬದಲಾಗಿ ಸಣ್ಣ ಕಲ್ಲನ್ನಿಡುವುದು ವ್ಯಾಪಕ ರೂಢಿ. ನೆನೆದವರು ಬಂದಿದ್ದರು ಎಂಬುದಕ್ಕೆ ಅದು ಗುರುತು. ಹೊರಬರುವಾಗ ಕೈ ತೊಳೆಯುತ್ತಾರೆ. ಮಸಣದಿಂದ ಮರಳಿ ಕೈಕಾಲು ತೊಳೆಯುವ ನಮ್ಮ ರೂಢಿಯನ್ನು ಇದು ನೆನಪಿಸುತ್ತದೆ. ಶನಿವಾರ ಸಬ್ಬತ್ ಆದುದರಿಂದ ಅಂದು ಸಮಾಧಿ ದರ್ಶನ ಸಲ್ಲದು. ವಾರಾಂತ್ಯದ ನಡಿಗೆ ಏರ್ಪಡಿಸುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

ಮೂರನೆಯ ಭಾಗ ಕಟ್ಟಡಗಳದು. ನಾಜಿ ಆಡಳಿತದಿಂದ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ. ವಿ. ರಾಮನ್ ಅವರ ಆಹ್ವಾನದಂತೆ 1935-36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳುವ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ. 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅವರ ಸೋದರಿಯ ಮಗನಾದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಸೋದರಮಾವನಿಗೆ ದೊರೆಯದ ನೆಲೆ ಅಳಿಯನಿಗೆ ದೊರೆಯಿತು. ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೊಡುಗೆ. ಬಿಸಿಲು, ಗಾಳಿ, ಮಳೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟುವ ವಿಧಾನವನ್ನು ಇಲ್ಲಿ ರೂಢಿಸಿಕೊಂಡ ಅವರು ಮುಂದೆ ಭುವನೇಶ್ವರದ ನಗರಯೋಜನೆ ಸಿದ್ಧಪಡಿಸಿದರು. 1951ರಲ್ಲಿ ಭಾರತವನ್ನು ಬಿಟ್ಟು ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿದ್ಯೆಯ ಅಧ್ಯಾಪಕರಾದರು.

ಇವರಿಬ್ಬರೂ ಪ್ರಾರ್ಥನೆಯಿಂದ ಸಮುದಾಯಕ್ಕೆ ಸೇರಿದವರಲ್ಲ. ಬಾರ್ನ್ ಅವರಂತೂ ನಾಜಿಗಳು ಅಧಿಕಾರಕ್ಕೆ ಬರುವ ಬಹಳ ಮೊದಲೇ ಕ್ರೈಸ್ತ ಮತವನ್ನು ಸ್ವೀಕರಿಸಿದ್ದವರು. ಜರ್ಮನಿಯ ಕಾನೂನು ಅವರನ್ನು ಯೆಹೂದಿ ಎಂದು ಹೊರಹಾಕಿತು. ಯೆಹೂದಿ ಎಂದರೆ ಯಾರು ಎಂಬ ಪ್ರಶ್ನೆಗೆ ಮತ, ಕುಲ, ಕಾನೂನು ಕೊಡುವ ಉತ್ತರಗಳು ಒಂದೇ ಅಲ್ಲವೆಂಬುದನ್ನು ನಡಿಗೆಯ ಈ ಭಾಗ ತಿಳಿಸಿಕೊಡುತ್ತದೆ.

ನಡಿಗೆಯ ವಿಧಾನ

ಮೇಲಿನ ಪರಿಶೀಲನೆಯಿಂದ ಕೆಲವು ಸೂತ್ರಗಳನ್ನು ರೂಪಿಸಬಹುದು. ಮೊದಲನೆಯದಾಗಿ, ಪ್ರತಿ ನಿಲುಗಡೆಯಲ್ಲಿಯೂ ಆಧಾರದ ಬಗೆಯನ್ನು ಹೇಳಬೇಕು. ಪತ್ರದಲ್ಲಿದೆ, ಪ್ರವಾಸಿ ಬರೆದಿದ್ದಾನೆ, ಜನ ಹೇಳುತ್ತಾರೆ, ಕಲ್ಲಿನಲ್ಲಿದೆ ಎಂಬ ನಾಲ್ಕು ಮಾತುಗಳು ಸಾಕು. ನಮ್ಮ ಕಥೆಗಾರರು ಐತಿಹ್ಯಕ್ಕೆ ಅಂತೆ, ಹಾಗಂತಾರೆ ಎಂದು ಸೇರಿಸುವುದು ಈ ವಿವೇಕದಿಂದಲೇ. ಕನ್ನಡದ ಅಂತೆ ಎಂಬ ಪ್ರತ್ಯಯವನ್ನು ಮಾರ್ಗದರ್ಶಿ ಕೈಬಿಡಬಾರದು.

ಎರಡನೆಯದಾಗಿ, ಸಮುದಾಯದ ಸ್ವಂತ ಮಾತಿಗೆ ಮೊದಲ ಸ್ಥಾನ ಸಲ್ಲಬೇಕು. ಭಾರತದ ಯೆಹೂದಿಗಳಲ್ಲಿ ಬಹುಸಂಖ್ಯಾತರು 1948ರ ಬಳಿಕ ಇಸ್ರೇಲಿಗೂ ಇತರ ದೇಶಗಳಿಗೂ ಹೋದರು. ಅದು ಇಲ್ಲಿನ ಹಿಂಸೆಯಿಂದ ಪಾರಾಗಿ ಹೋದ ವಲಸೆಯಲ್ಲ ಎಂಬುದನ್ನು ಅವರೇ ಹೇಳುತ್ತ ಬಂದಿದ್ದಾರೆ. ಅಲ್ಲಿರುವ ಹಿರಿಯರ ನೆನಪುಗಳ ಧ್ವನಿಮುದ್ರಣ ನಮ್ಮ ಕ್ಷೇತ್ರಕಾರ್ಯದ ವ್ಯಾಪ್ತಿಗೆ ಬರಬೇಕು. ಕ್ಷೇತ್ರ ಎಂದರೆ ನಮ್ಮ ಜಿಲ್ಲೆಯ ಗಡಿಯೊಳಗಿನ ಊರು ಮಾತ್ರವಲ್ಲ.

ಮೂರನೆಯದಾಗಿ, ನಡಿಗೆ ನೋಡುವುದರೊಂದಿಗೆ ಕಾಯುವ ಕೆಲಸವೂ ಆಗಬೇಕು. ವಂಶಸ್ಥರು ದೂರದಲ್ಲಿರುವ ಸ್ಮಶಾನ ಬೇಗ ಮರೆಗೆ ಸರಿಯುತ್ತದೆ; ಮಳೆಬಿಸಿಲಿಗೆ ಅಕ್ಷರಗಳು ಸವೆಯುತ್ತವೆ. ಶಾಸನಗಳ ಪ್ರತಿ ತೆಗೆದು, ಪಾಠ ಮತ್ತು ಅನುವಾದಗಳೊಡನೆ ಕನ್ನಡದಲ್ಲಿ ಪ್ರಕಟಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಎಪಿಗ್ರಾಫಿಯಾ ಕರ್ನಾಟಿಕದ ನಾಡಿಗೆ ಇದು ಅಸಾಧ್ಯವೇನಲ್ಲ.

ಸಮಾರೋಪ

ಕರ್ನಾಟಕದ ಯೆಹೂದಿ ಪರಂಪರೆ ಚಿಕ್ಕದು, ಆದರೆ ಚದುರಿದ ರೀತಿಯಲ್ಲಿ ದೀರ್ಘವಾದುದು. ಮಂಗಳೂರಿನ 1132ರ ವಿಮೋಚನಾಪತ್ರದಿಂದ ಬೆಂಗಳೂರಿನ 20ನೆಯ ಶತಮಾನದ ಕಟ್ಟಡಗಳವರೆಗೆ ಎಂಟು ಶತಮಾನಗಳ ಅಂತರವಿದೆ. ಈ ಅಂತರವನ್ನು ಅಖಂಡ ಇತಿಹಾಸವೆಂದು ತುಂಬಿಸುವ ಆಸೆ ಸಹಜ. ಆದರೆ ಪತ್ರದ ವರ್ತಕನಿಗೂ ಗೋರಿಪಾಳ್ಯದ ಸುಬೇದಾರನಿಗೂ ವಂಶದ ಸಂಬಂಧವಿಲ್ಲ. ಅವರು ಬೇರೆಬೇರೆ ದಾರಿಯಿಂದ, ಬೇರೆಬೇರೆ ಕಾರಣಗಳಿಂದ ಈ ನೆಲಕ್ಕೆ ಬಂದವರು. ಅವರನ್ನು ಕೂಡಿಸುವುದು ಈ ನೆಲ ಅವರಿಗೆ ಕೊಟ್ಟ ಜಾಗ: ಒಬ್ಬನಿಗೆ ವ್ಯಾಪಾರಕ್ಕೆ, ಇನ್ನೊಬ್ಬನಿಗೆ ಚಿರನಿದ್ರೆಗೆ.

ಅಶು ಮತ್ತು ಬೊಮ್ಮರನ್ನು ನೆನೆದಾಗ ಇದು ಪರರ ಪರಂಪರೆ ಎಂಬ ಮಾತೂ ನಿಲ್ಲುವುದಿಲ್ಲ. ಆ ಪತ್ರಗಳು ಉಳಿಯದಿದ್ದರೆ 12ನೆಯ ಶತಮಾನದ ಕರಾವಳಿಯ ಒಬ್ಬ ಹೆಣ್ಣಾಳು ಮತ್ತು ಒಬ್ಬ ಗಂಡಾಳಿನ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಅರಸರ ಶಾಸನಗಳು ಅಂಥವರ ಹೆಸರನ್ನು ಬರೆಯುವುದು ಅಪರೂಪ. ದೂರದೇಶದ ಸಮುದಾಯವೊಂದು ಬರಹದ ಮೇಲಿಟ್ಟ ಗೌರವ ನಮ್ಮವರ ನೆನಪನ್ನು ಉಳಿಸಿಕೊಟ್ಟಿತು. ಅವರು ನಮ್ಮಲ್ಲಿ ಬಿಟ್ಟುಹೋದ ಕೆಲವೇ ಕಲ್ಲುಗಳ ಬರಹವನ್ನು ಅಳಿಯದಂತೆ ನೋಡಿಕೊಳ್ಳುವುದು, ಅವುಗಳ ಮುಂದೆ ನಿಂತು ಆಡುವ ಮಾತನ್ನು ಸತ್ಯಕ್ಕೆ ಹತ್ತಿರವಾಗಿರಿಸುವುದು ಆ ಋಣಕ್ಕೆ ನಾವು ಸಲ್ಲಿಸಬಹುದಾದ ಮರುಪಾವತಿ.